ಫಿಸಿಯೋ ಅಸಿಸ್ಟೆಂಟ್ ಕೋರ್ಸು: ಅಲ್ಲಿ ಏನು ಕಲಿಸುತ್ತಾರೆ, ಇಲ್ಲಿ ಏನು ಸಿಗುತ್ತದೆ

ಪ್ಲಸ್ ಟು ಫಲಿತಾಂಶ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಕೋರ್ಸುಗಳ ಪೋಸ್ಟರ್ ಸುರಿಮಳೆ. ಅದರ ನಡುವೆ ‘ಫಿಸಿಯೋಥೆರಪಿ ಅಸಿಸ್ಟೆಂಟ್’ ಎಂಬ ಹೆಸರೂ ಕಾಣುತ್ತದೆ. ಆರು ತಿಂಗಳು ಸಾಕು, ಕೆಲಸ ಗ್ಯಾರಂಟಿ, ವಿದೇಶದಲ್ಲಿ ಭಾರೀ ಬೇಡಿಕೆ ಎಂದೆಲ್ಲ ಬರೆದಿರುತ್ತಾರೆ. ಅತ್ತ ಅಮೆರಿಕದಲ್ಲಿರುವ ಚಿಕ್ಕಮ್ಮ ಫೋನಿನಲ್ಲಿ, “ಇಲ್ಲಿ ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್ ಕಲಿತವರಿಗೆ ಒಳ್ಳೆ ಕೆಲಸ ಉಂಟು ಮಾರಾಯ್ತಿ, ನೀನೂ ನೋಡು” ಎನ್ನುತ್ತಾರೆ. ಕೇಳಿದವರು ಎರಡೂ ಒಂದೇ ಎಂದುಕೊಳ್ಳುತ್ತಾರೆ. ಸಹಜವೇ, ಹೆಸರು ಒಂದೇ ಅಲ್ವಾ?

ಹೆಸರು ಒಂದೇ ಆದರೂ ವಸ್ತು ಬೇರೆ. ಅಮೆರಿಕದಲ್ಲಿ ಅದು ಎರಡು ವರ್ಷದ ಪದವಿ, ಪರೀಕ್ಷೆ, ಲೈಸೆನ್ಸ್ ಎಲ್ಲ ಇರುವ ಉದ್ಯೋಗ. ನಮ್ಮಲ್ಲಿ ಆ ಮಟ್ಟದ ಮೆಟ್ಟಿಲು ಇನ್ನೂ ಗಟ್ಟಿಯಾಗಿ ಕಟ್ಟಿಲ್ಲ. ಆ ಎರಡು ವರ್ಷದಲ್ಲಿ ಏನೆಲ್ಲ ಕಲಿಸುತ್ತಾರೆ ಎಂದು ತಿಳಿದರೆ ಆರು ತಿಂಗಳ ಪೋಸ್ಟರನ್ನು ಅಳೆಯಲು ಒಂದು ಅಳತೆಗೋಲು ಸಿಗುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರಿರುವವರಿಗೂ ಕೆಲವು ವಿಷಯ ಉಪಯೋಗಕ್ಕೆ ಬರಬಹುದು.

ಮೂರು ಜನ, ಮೂರು ಕೆಲಸ

ಫಿಸಿಯೋಥೆರಪಿ ಎಂದರೆ ದೇಹದ ಚಲನೆಯನ್ನು ಸರಿಪಡಿಸುವ ಚಿಕಿತ್ಸೆ. ಪಾರ್ಶ್ವವಾಯು ಬಡಿದವರು ಮತ್ತೆ ಎದ್ದು ಕೂರುವುದು, ಮಂಡಿ ಬದಲಿಸಿಕೊಂಡವರು ಮೆಟ್ಟಿಲು ಹತ್ತುವುದು, ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಗಾಲಿಕುರ್ಚಿಯಲ್ಲಿ ಓಡಾಡುವುದು, ಇವನ್ನೆಲ್ಲ ಕಲಿಸುವವರು ಇವರು. ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ಬಿಸಿ ಮತ್ತು ತಂಪಿನ ಶಾಖ, ಕರೆಂಟಿನ ಉಪಕರಣಗಳು ಇವರ ಸಾಧನ.

ಅಮೆರಿಕದಲ್ಲಿ ಈ ಕೆಲಸವನ್ನು ಮೂರು ಮಟ್ಟದಲ್ಲಿ ಹಂಚಿದ್ದಾರೆ. ಮೇಲಿನವರು ಫಿಸಿಕಲ್ ಥೆರಪಿಸ್ಟ್. ರೋಗಿಯನ್ನು ಮೊದಲು ಪರೀಕ್ಷಿಸುವುದು, ತೊಂದರೆ ಎಲ್ಲಿದೆ ಎಂದು ತೀರ್ಮಾನಿಸುವುದು, ಯಾವ ಚಿಕಿತ್ಸೆ ಎಷ್ಟು ವಾರ ಎಂದು ಯೋಜನೆ ಹಾಕುವುದು ಇವರ ಜವಾಬ್ದಾರಿ. 2016ರಿಂದ ಅಲ್ಲಿ ಥೆರಪಿಸ್ಟ್ ಆಗಲು ಡಾಕ್ಟರೇಟ್ ಮಟ್ಟದ ಪದವಿಯೇ ಬೇಕು. ಸಾಮಾನ್ಯ ಪದವಿಯ ಮೇಲೆ ಸುಮಾರು ಮೂರು ವರ್ಷದ ಓದು.

ನಡುವಿನವರು ಅಸಿಸ್ಟೆಂಟ್. ಥೆರಪಿಸ್ಟ್ ಹಾಕಿದ ಯೋಜನೆಯಂತೆ ಚಿಕಿತ್ಸೆ ಕೊಡುತ್ತಾರೆ. ಕೆಳಗಿನವರು ಏಡ್, ಅಂದರೆ ಸಹಾಯಕ. ಬೆಂಚು ಒರೆಸುವುದು, ಉಪಕರಣ ಸಿದ್ಧ ಮಾಡುವುದು, ರೋಗಿಯನ್ನು ಕರೆದುಕೊಂಡು ಬರುವುದು ಇವರ ಕೆಲಸ. ಇದನ್ನು ಕೆಲಸಕ್ಕೆ ಸೇರಿಯೇ ಕಲಿಯುತ್ತಾರೆ, ಲೈಸೆನ್ಸ್ ಏನೂ ಇಲ್ಲ. ನಮ್ಮ ಪೋಸ್ಟರುಗಳ ಕೋರ್ಸು ಹೆಸರಿನಲ್ಲಿ ಅಸಿಸ್ಟೆಂಟ್ ಆಗಿದ್ದರೂ ಅವಧಿಯಲ್ಲಿ ಏಡ್ ತರಬೇತಿಗೇ ಹತ್ತಿರ.

ಥೆರಪಿಸ್ಟ್ ಮತ್ತು ಅಸಿಸ್ಟೆಂಟ್ ನಡುವಿನ ಗೆರೆ ಎಲ್ಲಿದೆ? ಮನೆ ಕಟ್ಟುವಾಗ ಇಂಜಿನಿಯರು ನಕ್ಷೆ ಹಾಕುತ್ತಾರೆ, ಮೇಸ್ತ್ರಿ ಕಟ್ಟುತ್ತಾರೆ. ಕಲ್ಲು ಇಡುವುದರಲ್ಲಿ ಮೇಸ್ತ್ರಿಯ ಕೈ ಇಂಜಿನಿಯರಿಗಿಂತ ಚುರುಕಾಗಿರಬಹುದು. ಹಾಗಂತ ಗೋಡೆಯನ್ನು ತನ್ನ ಇಷ್ಟಕ್ಕೆ ಎರಡು ಅಡಿ ಸರಿಸುವಂತಿಲ್ಲ. ಪಾಯ ಅಗೆಯುವಾಗ ಮಣ್ಣು ಕುಸಿಯುವುದು ಕಂಡರೆ ಮಾತ್ರ ಕೆಲಸ ನಿಲ್ಲಿಸಿ ಹೇಳಲೇಬೇಕು. ಅಸಿಸ್ಟೆಂಟ್ ಕೆಲಸವೂ ಹಾಗೆಯೇ. ಯೋಜನೆಯೊಳಗೆ ಒಂದು ವ್ಯಾಯಾಮವನ್ನು ಇಂದಿನ ಮಟ್ಟಿಗೆ ಹಗುರ ಮಾಡಬಹುದು, ನೋವು ಜಾಸ್ತಿ ಇದ್ದರೆ ನಿಲ್ಲಿಸಬಹುದು. ಮೊದಲ ಪರೀಕ್ಷೆ, ರೋಗದ ತೀರ್ಮಾನ, ಯೋಜನೆಯ ಬದಲಾವಣೆ ಇವರ ಕೈಯಲ್ಲಿಲ್ಲ. ಕೀಲನ್ನು ಥಟ್ಟನೆ ಜಗ್ಗಿ ಲಟಕ್ ಎನಿಸುವಂಥ ಚಿಕಿತ್ಸೆಯೂ ಅಲ್ಲಿ ಥೆರಪಿಸ್ಟ್‌ಗೆ ಮಾತ್ರ ಎಂದು ಅವರ ವೃತ್ತಿ ಸಂಘ ಹೇಳುತ್ತದೆ.

ಇಡೀ ಪಠ್ಯವನ್ನು ಈ ಗೆರೆಯ ಸುತ್ತಲೇ ಹೆಣೆದಿದ್ದಾರೆ. ಮಾಡಲು ಕಲಿಸುತ್ತಾರೆ, ನೋಡಲು ಕಲಿಸುತ್ತಾರೆ, ನೋಡಿದ್ದನ್ನು ಹೇಳಲು ಕಲಿಸುತ್ತಾರೆ.

ಈ ಹುದ್ದೆ ಬಂದದ್ದು ಹೇಗೆ

1960ರ ದಶಕದಲ್ಲಿ ಅಮೆರಿಕದಲ್ಲಿ ಆಸ್ಪತ್ರೆಗಳು ಹೆಚ್ಚಿದವು. 1965ರಲ್ಲಿ ವೃದ್ಧರಿಗೆ ಸರ್ಕಾರಿ ಆರೋಗ್ಯ ವಿಮೆ ಬಂದ ಮೇಲೆ ರೋಗಿಗಳೂ ಹೆಚ್ಚಿದರು. ಥೆರಪಿಸ್ಟುಗಳು ಸಾಕಾಗಲಿಲ್ಲ. 1967ರಲ್ಲಿ ಮಯಾಮಿ ಮತ್ತು ಮಿನಿಯಾಪೊಲಿಸ್‌ನ ಎರಡು ಕಾಲೇಜುಗಳು ಅಸಿಸ್ಟೆಂಟ್ ಕೋರ್ಸು ಶುರು ಮಾಡಿದವು. 1969ರಲ್ಲಿ ಮೊದಲ ತಂಡ ಹೊರಬಂತು, ಹದಿನೈದೇ ಜನ. ಈಗ ಆ ಹೆಸರು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಉದ್ಯೋಗ ಪಟ್ಟಿಯಲ್ಲೂ ಇದೆ. ಫಿಸಿಯೋಥೆರಪಿಸ್ಟ್‌ಗೆ 2264 ಎಂಬ ಸಂಖ್ಯೆ, ತಂತ್ರಜ್ಞ ಮತ್ತು ಅಸಿಸ್ಟೆಂಟ್‌ಗೆ 3255. ಎರಡೂ ಬೇರೆ ಬೇರೆ ಮಟ್ಟದ ಉದ್ಯೋಗ ಎಂದೇ ಆ ಪಟ್ಟಿ ಎಣಿಸುತ್ತದೆ.

ಪುಸ್ತಕದಲ್ಲಿ ಕಲಿಯುವುದು

ಕೋರ್ಸು ಸಾಮಾನ್ಯವಾಗಿ ಐದು ಸೆಮಿಸ್ಟರು, ಎರಡು ವರ್ಷ. ಸುಮಾರು ಮುಕ್ಕಾಲು ಭಾಗ ತರಗತಿ ಮತ್ತು ಲ್ಯಾಬ್, ಕಾಲು ಭಾಗ ಆಸ್ಪತ್ರೆಯಲ್ಲಿ ತರಬೇತಿ.

ಮೊದಲು ಬರುವುದು ಅಂಗರಚನೆ, ಅಂದರೆ ಅನಾಟಮಿ. ವಯಸ್ಕರಲ್ಲಿ 206 ಮೂಳೆಗಳು, ಆರುನೂರಕ್ಕೂ ಹೆಚ್ಚು ಸ್ನಾಯುಗಳು. ಹೆಸರು ಬಾಯಿಪಾಠ ಮಾಡಿದರೆ ಮುಗಿಯುವುದಿಲ್ಲ. ಪ್ರತಿ ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಅಂಟಿಕೊಂಡಿದೆ, ಅದು ಬಿಗಿಯಾದರೆ ಯಾವ ಮೂಳೆ ಯಾವ ಕಡೆ ಸರಿಯುತ್ತದೆ, ಅದಕ್ಕೆ ಯಾವ ನರ ಆಜ್ಞೆ ಕೊಡುತ್ತದೆ ಎಂಬ ನಾಲ್ಕೂ ಗೊತ್ತಿರಬೇಕು. ಭುಜವನ್ನೇ ನೋಡಿ. ತೋಳಿನ ಮೂಳೆಯ ಗುಂಡನೆಯ ತಲೆಯನ್ನು ಜಾಗದಲ್ಲಿ ಹಿಡಿದಿಡಲು ನಾಲ್ಕು ಸಣ್ಣ ಸ್ನಾಯುಗಳಿವೆ. ಅದರಲ್ಲಿ ಒಂದು ಹರಿದರೆ ಮೇಲಿನ ಅಟ್ಟದಿಂದ ಡಬ್ಬಿ ತೆಗೆಯುವುದು ಕಷ್ಟವಾಗುತ್ತದೆ. ತೆಂಗಿನಕಾಯಿ ತುರಿಯುವಾಗ ಮಾತ್ರ ಏನೂ ಅನಿಸದೇ ಇರಬಹುದು. ಯಾವ ಚಲನೆಯಲ್ಲಿ ನೋವು, ಯಾವುದರಲ್ಲಿ ಇಲ್ಲ ಎಂಬುದರಿಂದಲೇ ಯಾವ ಸ್ನಾಯು ಎಂದು ಊಹಿಸುತ್ತಾರೆ. ಹಾಗಾಗಿ ಈ ಪಾಠ ಗಟ್ಟಿಯಾಗದೆ ಮುಂದಿನದ್ದು ಯಾವುದೂ ತಲೆಗೆ ಹೋಗುವುದಿಲ್ಲ.

ಇದರ ಜೊತೆಗೆ ದೇಹ ಕೆಲಸ ಮಾಡುವ ರೀತಿ, ಚಲನೆಯ ಲೆಕ್ಕ, ನರಗಳ ಪಾಠ, ರೋಗಗಳ ಪಾಠ, ರೋಗಿಯೊಂದಿಗೆ ಮಾತಾಡುವ ರೀತಿ, ವೃತ್ತಿಯ ನೀತಿ ನಿಯಮಗಳು ಇರುತ್ತವೆ. ಚಲನೆಯ ಲೆಕ್ಕ ಎಂದರೆ ಭೌತಶಾಸ್ತ್ರವನ್ನು ಮೈಗೆ ಅನ್ವಯಿಸುವುದು. ಐದು ಕೆಜಿ ಬಕೆಟನ್ನು ಮೈಗೆ ಒತ್ತಿ ಹಿಡಿದಾಗ ಸೊಂಟಕ್ಕೆ ಬೀಳುವ ಭಾರಕ್ಕೂ, ಕೈ ಚಾಚಿ ಹಿಡಿದಾಗ ಬೀಳುವ ಭಾರಕ್ಕೂ ತುಂಬ ವ್ಯತ್ಯಾಸ. ಏಕೆ ಎಂದು ಸನ್ನೆಕೋಲಿನ ನಿಯಮದಿಂದ ವಿವರಿಸುತ್ತಾರೆ. ಪ್ಲಸ್ ಟುವಿನಲ್ಲಿ ಫಿಸಿಕ್ಸ್ ಯಾಕೆ ಬೇಕಿತ್ತು ಎಂದು ಗೊಣಗಿದವರಿಗೆ ಉತ್ತರ ಸಿಗುವುದು ಈ ತರಗತಿಯಲ್ಲಿ.

ಲ್ಯಾಬಿನಲ್ಲಿ ಕಲಿಯುವುದು

ನಿಜವಾದ ಕಷ್ಟ ಲ್ಯಾಬಿನಲ್ಲಿ. ಇಲ್ಲಿ ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುತ್ತಾರೆ. ಇವತ್ತು ನೀನು ರೋಗಿ, ನಾಳೆ ನಾನು.

ಮೊದಲ ಪಾಠಗಳಲ್ಲಿ ಒಂದು ಅಳೆಯುವುದು. ಗೋನಿಯೋಮೀಟರ್ ಎಂಬ ಸಾಧನ ನೋಡಲು ಶಾಲೆಯ ಕೋನಮಾಪಕಕ್ಕೆ ಎರಡು ಕಡ್ಡಿ ಜೋಡಿಸಿದ ಹಾಗಿರುತ್ತದೆ. ಮಂಡಿ ಎಷ್ಟು ಮಡಚುತ್ತದೆ ಎಂದು ಅದರಿಂದ ಡಿಗ್ರಿಯಲ್ಲಿ ಓದುತ್ತಾರೆ. ಒಳ್ಳೆಯ ಮಂಡಿ ಸುಮಾರು 135 ಡಿಗ್ರಿ ಮಡಚುತ್ತದೆ. ಕುರ್ಚಿಯಿಂದ ಸಲೀಸಾಗಿ ಏಳಲು 90ಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣಲು, ಕುಕ್ಕರಗಾಲಿನ ಶೌಚಾಲಯ ಬಳಸಲು ಅದಕ್ಕಿಂತ ಎಷ್ಟೋ ಜಾಸ್ತಿ ಬೇಕು. ಅಮೆರಿಕದ ಪುಸ್ತಕ ಕುರ್ಚಿ ಮತ್ತು ಕಾರಿನ ಬದುಕನ್ನು ಲೆಕ್ಕ ಹಾಕಿ ಬರೆದದ್ದು. ನಮ್ಮ ಮನೆಗಳಿಗೆ ಬಂದಾಗ ಗುರಿಯನ್ನೇ ಬೇರೆ ಹಾಕಬೇಕಾಗುತ್ತದೆ.

ಸ್ನಾಯುವಿನ ಬಲಕ್ಕೂ ಅಂಕ ಇದೆ, ಸೊನ್ನೆಯಿಂದ ಐದರವರೆಗೆ. ಸ್ವಲ್ಪವೂ ಮಿಡಿಯದಿದ್ದರೆ ಸೊನ್ನೆ. ಮಿಡಿತ ಕೈಗೆ ಸಿಕ್ಕಿ, ಚಲನೆ ಇಲ್ಲದಿದ್ದರೆ ಒಂದು. ಭೂಮಿಯ ಸೆಳೆತದ ವಿರುದ್ಧ ಪೂರ್ತಿ ಎತ್ತಿದರೆ ಮೂರು. ಎದುರಿನಿಂದ ಗಟ್ಟಿಯಾಗಿ ಒತ್ತಿದರೂ ತಡೆದುಕೊಂಡರೆ ಐದು.

ಇನ್ನು ಹಾಸಿಗೆಯಿಂದ ಕುರ್ಚಿಗೆ ದಾಟಿಸುವ ಪಾಠ. ನೋಡಲು ಇಷ್ಟೇನಾ ಅನಿಸುತ್ತದೆ. ಎಡಭಾಗಕ್ಕೆ ಪಾರ್ಶ್ವವಾಯು ಬಡಿದ ಅಜ್ಜಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ನಮ್ಮ ಮನೆಗಳಲ್ಲಿ ಇಬ್ಬರು ಎರಡೂ ಕಡೆ ನಿಂತು, ಕಂಕುಳಿಗೆ ಕೈ ಹಾಕಿ, ಜಗ್ಗಿ ಎಬ್ಬಿಸುತ್ತೇವೆ. ಲ್ಯಾಬಿನಲ್ಲಿ ಹೀಗೆ ಮಾಡಿದರೆ ಅಲ್ಲೇ ಫೇಲು. ಬಲ ಕಳೆದುಕೊಂಡ ತೋಳಿನಲ್ಲಿ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಜಗ್ಗಿದರೆ ಕೀಲು ಜಾರುತ್ತದೆ. ಆಮೇಲೆ ಬರುವ ಭುಜದ ನೋವು ಕಾಲಿನ ತೊಂದರೆಗಿಂತ ಹೆಚ್ಚು ಕಾಡುವುದುಂಟು.

ಲ್ಯಾಬಿನ ಕ್ರಮ ಹೀಗೆ. ಗಾಲಿಕುರ್ಚಿಯನ್ನು ಅಜ್ಜಿಯ ಬಲಕ್ಕೆ, ಅಂದರೆ ಶಕ್ತಿ ಇರುವ ಕಡೆಗೆ, ಸ್ವಲ್ಪ ಓರೆಯಾಗಿ ಇಡಬೇಕು. ಎರಡೂ ಬ್ರೇಕ್ ಹಾಕಿ, ಕಾಲಿಡುವ ತಟ್ಟೆಯನ್ನು ಬದಿಗೆ ಸರಿಸಬೇಕು. ಸೊಂಟಕ್ಕೆ ಅಗಲ ಪಟ್ಟಿಯ ಬೆಲ್ಟ್ ಕಟ್ಟಬೇಕು. ಹಿಡಿಯುವುದು ಆ ಬೆಲ್ಟನ್ನು, ಕೈಯನ್ನಲ್ಲ. ಅಜ್ಜಿ ಅಂಚಿಗೆ ಸರಿದು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ಅಸಿಸ್ಟೆಂಟ್ ತನ್ನ ಮಂಡಿಯಿಂದ ಅಜ್ಜಿಯ ಎಡ ಮಂಡಿಗೆ ಆಸರೆ ಕೊಡಬೇಕು, ಇಲ್ಲದಿದ್ದರೆ ಅದು ಕುಸಿಯುತ್ತದೆ. ಆಮೇಲೆ, “ಅಜ್ಜೀ, ಮುಂದೆ ಬಾಗಿ. ಮೂಗು ಕಾಲ್ಬೆರಳಿನ ಮೇಲೆ ಬರಲಿ. ಮೂರು ಎನ್ನುವಾಗ ಏಳುವ.” ಮುಂದೆ ಬಾಗದೆ ಯಾರೂ ಎದ್ದು ನಿಲ್ಲಲಾರರು. ಬೇಕಾದರೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಹಾಗೆಯೇ ಏಳಲು ನೋಡಿ, ಗೊತ್ತಾಗುತ್ತದೆ. ಅಜ್ಜಿಯನ್ನು ಎತ್ತುವುದಲ್ಲ, ಅವರ ಭಾರ ಪಾದದ ಮೇಲೆ ಬರುವ ಹಾಗೆ ಮಾಡುವುದು. ಉಳಿದದ್ದನ್ನು ಅವರ ಬಲಗಾಲೇ ಮಾಡುತ್ತದೆ.

ಕೋಲಿನ ಪಾಠವೂ ಇಷ್ಟೇ ಬಿಗಿ. ಎಡಗಾಲು ನೋವಾದರೆ ಕೋಲು ಬಲಗೈಯಲ್ಲಿ. ಸಿನಿಮಾದ ಅಜ್ಜಂದಿರು ಹೆಚ್ಚಾಗಿ ತಪ್ಪು ಕೈಯಲ್ಲೇ ಹಿಡಿದಿರುತ್ತಾರೆ, ಗಮನಿಸಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಬೇಕು, ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿ ಮಡಚಿರಬೇಕು. ಮುರಕಲ್ಲಿನ ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ನಮ್ಮ ಹಳೆ ಮನೆಗಳಲ್ಲಿ ಚಾವಡಿಗೆ ಒಂದು ಮೆಟ್ಟಿಲು, ಒಳಗೆ ಹೋಗಲು ಎತ್ತರದ ಹೊಸ್ತಿಲು, ಬಚ್ಚಲಿಗೆ ಇಳಿಯಲು ಇನ್ನೊಂದು ಮೆಟ್ಟಿಲು ಇರುವುದರಿಂದ ಇದನ್ನು ಕಲಿಸದೆ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ.

ಉಪಕರಣಗಳ ಪಾಠವನ್ನು ಜನ ದೊಡ್ಡದೆಂದು ತಿಳಿಯುತ್ತಾರೆ. ಯಂತ್ರದ ಗುಂಡಿ ಒತ್ತುವುದು ಅರ್ಧ ಗಂಟೆಯ ಕಲಿಕೆ, ಯಾರಿಗೆ ಒತ್ತಬಾರದು ಎಂಬುದೇ ತಿಂಗಳುಗಟ್ಟಲೆ. ಬಿಸಿ ಪ್ಯಾಕನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಬಿಸಿ ನೀರಿನಲ್ಲಿ ಇಟ್ಟಿರುತ್ತಾರೆ. ಆರೆಂಟು ಪದರ ಟವೆಲ್ ಸುತ್ತದೆ ಮೈಗೆ ಇಡುವಂತಿಲ್ಲ, ನಡುನಡುವೆ ಚರ್ಮ ನೋಡಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಸತ್ತವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಹಾಗಾಗಿ ಬಿಸಿ ತಂಪು ಗೊತ್ತಾಗುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು. ಗರ್ಭಿಣಿಯ ಹೊಟ್ಟೆ ಸೊಂಟದ ಮೇಲೆ, ಕ್ಯಾನ್ಸರ್ ಗಡ್ಡೆ ಇರುವ ಜಾಗದಲ್ಲಿ ಅಲ್ಟ್ರಾಸೌಂಡ್ ಶಾಖ (ಸ್ಕ್ಯಾನಿಂಗ್ ಅಲ್ಲ, ಶಬ್ದದ ಅಲೆಯಿಂದ ಕೊಡುವ ಚಿಕಿತ್ಸೆ) ಕೊಡುವಂತಿಲ್ಲ. ಪೇಸ್‌ಮೇಕರ್ ಇರುವವರಿಗೆ ಕರೆಂಟಿನ ಉಪಕರಣವನ್ನು ಕೇಳದೆ ಹಾಕುವಂತಿಲ್ಲ.

ಯಾವಾಗ ಕೈ ತೆಗೆಯಬೇಕು

ಪಠ್ಯದ ಅತಿ ಮುಖ್ಯ ಭಾಗ ಇದು ಎಂದು ನನಗನಿಸುತ್ತದೆ. ಅವಸರದ ಕೋರ್ಸುಗಳಲ್ಲಿ ಬಿಟ್ಟು ಹೋಗುವುದೂ ಇದೇ.

ಒಬ್ಬರಿಗೆ ಮಂಡಿ ಬದಲಿಸಿ ಕೆಲವು ದಿನ ಆಗಿದೆ. ಇವತ್ತು ಮೀನಖಂಡ ಊದಿದೆ, ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಮನೆಯವರು, “ಸ್ವಲ್ಪ ಎಣ್ಣೆ ಹಾಕಿ ತಿಕ್ಕಿ ಮೇಡಂ, ಸರಿಯಾಗ್ತದೆ” ಎನ್ನುತ್ತಾರೆ. ಕಲಿತವರು ತಿಕ್ಕುವುದಿಲ್ಲ. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಲಕ್ಷಣ ಹೀಗೇ ಇರುತ್ತದೆ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಸಿಸ್ಟೆಂಟ್ ಇಲ್ಲಿ ‘ಇದು ಹೆಪ್ಪು’ ಎಂದು ತೀರ್ಮಾನ ಹೇಳುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ವ್ಯಾಯಾಮ ನಿಲ್ಲಿಸಿ, ಕಂಡದ್ದನ್ನು ಕಂಡ ಹಾಗೆ ತಕ್ಷಣ ಥೆರಪಿಸ್ಟ್‌ಗೆ ತಿಳಿಸುತ್ತಾರೆ.

ಸೊಂಟ ನೋವಿನವರು ಇದ್ದಕ್ಕಿದ್ದಂತೆ ಮೂತ್ರ ಹಿಡಿತಕ್ಕೆ ಸಿಗುತ್ತಿಲ್ಲ, ತೊಡೆಸಂದಿಯ ಸುತ್ತ ಜೋಮು ಹಿಡಿದಿದೆ ಎಂದರೂ ಹಾಗೆಯೇ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಿರಬಹುದು, ತಡ ಮಾಡಿದರೆ ನರ ಮತ್ತೆ ಸರಿಯಾಗದೇ ಹೋಗಬಹುದು. ನಡೆಯುವಾಗ ಎದೆ ನೋವು, ಬೆವರು, ಮುಖ ಬಿಳಿಚುವುದು ಕಂಡರೆ ಕೂರಿಸಿ, ನಾಡಿ ಮತ್ತು ರಕ್ತದೊತ್ತಡ ನೋಡಿ, ಸಹಾಯಕ್ಕೆ ಕರೆಯಬೇಕು.

ಕಾಸರಗೋಡಿನಲ್ಲಿ ಈ ಪಾಠಕ್ಕೆ ಇನ್ನೊಂದು ಮುಖವೂ ಇದೆ. ಗೇರು ತೋಟಗಳ ಮೇಲೆ 2000ದವರೆಗೂ ಎಂಡೋಸಲ್ಫಾನ್ ಸಿಂಪಡಿಸಿದ ಪಂಚಾಯತ್‌ಗಳಲ್ಲಿ, ಎಣ್ಮಕಜೆ, ಬೆಳ್ಳೂರು ಕಡೆ, ಕೈಕಾಲು ಸೆಟೆದುಕೊಂಡ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಳ್ಳುವ ತಾಯಂದಿರಿದ್ದಾರೆ. ಬಡ್ಸ್ ಎಂಬ ವಿಶೇಷ ಮಕ್ಕಳ ಶಾಲೆಗಳಲ್ಲಿ ಇಂಥ ಮಕ್ಕಳಿಗೆ ಥೆರಪಿಯ ಅಗತ್ಯ ತುಂಬ. ಸೆಟೆದ ಕಾಲನ್ನು ಬೇಗ ಎಳೆದರೆ ಅದು ಇನ್ನಷ್ಟು ಬಿಗಿಯುತ್ತದೆ, ನಿಧಾನ ಎಳೆದು ಹಿಡಿದರೆ ಸಡಿಲಗೊಳ್ಳುತ್ತದೆ. ಸ್ನಾಯು ಥಟ್ಟನೆ ಹಿಗ್ಗಿದಾಗ ಬೆನ್ನುಹುರಿ ‘ಬಿಗಿ’ ಎಂದು ಆಜ್ಞೆ ಕೊಡುತ್ತದೆ. ಆ ಆಜ್ಞೆಗೆ ಕಡಿವಾಣ ಹಾಕಬೇಕಾದ ಮೆದುಳಿನ ಭಾಗ ಈ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಷ್ಟೋ ತಾಯಂದಿರು ಅನುಭವದಿಂದಲೇ ಇದನ್ನು ಕಂಡುಕೊಂಡಿದ್ದಾರೆ.

ಬರೆಯುವುದೂ ಪಾಠವೇ

ಚಿಕಿತ್ಸೆ ಕೊಟ್ಟ ಮೇಲೆ ಟಿಪ್ಪಣಿ ಬರೆಯಬೇಕು. ಅಮೆರಿಕದಲ್ಲಿ ಇದಕ್ಕೆ ನಾಲ್ಕು ಭಾಗದ ಕ್ರಮ ಇದೆ. ರೋಗಿ ಹೇಳಿದ್ದು, ನಾವು ಅಳೆದು ನೋಡಿದ್ದು, ಅದರಿಂದ ತಿಳಿದದ್ದು, ಮುಂದೇನು. ‘ರೋಗಿ ಚೆನ್ನಾಗಿ ನಡೆದರು’ ಎಂದು ಬರೆದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ಚೆನ್ನಾಗಿ ಎಂದರೆ ಎಷ್ಟು? ‘ವಾಕರ್ ಹಿಡಿದು 10 ಮೀಟರ್, ಕನಿಷ್ಠ ಸಹಾಯದೊಂದಿಗೆ, ನಡುವೆ ಒಮ್ಮೆ ನಿಂತರು’ ಎಂದು ಬರೆಯಬೇಕು. ಕನಿಷ್ಠ ಸಹಾಯ ಎನ್ನುವುದಕ್ಕೂ ಅಳತೆ ಇದೆ. ಶೇ 75 ಅಥವಾ ಅದಕ್ಕಿಂತ ಹೆಚ್ಚು ಶ್ರಮ ರೋಗಿಯದ್ದೇ ಆಗಿದ್ದರೆ ಕನಿಷ್ಠ, ಅರ್ಧದಿಂದ ಮುಕ್ಕಾಲು ಆಗಿದ್ದರೆ ಮಧ್ಯಮ.

ಯೋಜನೆ ಬದಲಿಸುವವರು ಥೆರಪಿಸ್ಟ್, ದಿನವೂ ರೋಗಿಯ ಜೊತೆ ಇರುವವರು ಅಸಿಸ್ಟೆಂಟ್. ಇಬ್ಬರ ನಡುವಿನ ಕೊಂಡಿ ಈ ಟಿಪ್ಪಣಿ. ಅದು ಸುಮ್ನೆ ತುಂಬಿಸಿದ ಕಾಗದವಾದರೆ ಥೆರಪಿಸ್ಟ್ ಕುರುಡಾಗಿ ತೀರ್ಮಾನ ಮಾಡಬೇಕಾಗುತ್ತದೆ.

ಆಸ್ಪತ್ರೆಯ ದಿನಗಳು, ಆಮೇಲೆ ಪರೀಕ್ಷೆ

ಓದಿನ ಕೊನೆಗೆ ಪೂರ್ಣಾವಧಿ ಆಸ್ಪತ್ರೆ ತರಬೇತಿ, ಸರಾಸರಿ 16 ವಾರ. ಆಸ್ಪತ್ರೆ, ಹೊರರೋಗಿ ಕ್ಲಿನಿಕ್ಕು, ವೃದ್ಧರ ಆರೈಕೆ ಕೇಂದ್ರ ಹೀಗೆ ಬೇರೆ ಬೇರೆ ಕಡೆ ಕಳಿಸುತ್ತಾರೆ. ಮೊದಲು ಲೈಸೆನ್ಸ್ ಇರುವವರ ಪಕ್ಕದಲ್ಲಿ ನಿಂತು ನೋಡುವುದು, ಆಮೇಲೆ ಅವರ ಕಣ್ಣೆದುರು ಮಾಡುವುದು, ಕೊನೆಗೆ ಒಂದಷ್ಟು ರೋಗಿಗಳನ್ನು ತಾನೇ ನಿಭಾಯಿಸುವುದು.

ಕಾಲೇಜಿಗೆ ಅಲ್ಲಿನ ಮಾನ್ಯತಾ ಆಯೋಗದ ಒಪ್ಪಿಗೆ ಇರಬೇಕು. ಪಾಸಾದವರು ರಾಷ್ಟ್ರ ಮಟ್ಟದ ಪರೀಕ್ಷೆ ಬರೆಯುತ್ತಾರೆ. 200ರಿಂದ 800ರ ಅಳತೆಯಲ್ಲಿ 600 ಬಂದರೆ ಪಾಸು. ಆಮೇಲೆ ಕೆಲಸ ಮಾಡುವ ರಾಜ್ಯದ ಲೈಸೆನ್ಸ್ ಪಡೆಯಬೇಕು. ಹೊರದೇಶದಲ್ಲಿ ಓದಿದವರು ತಮ್ಮ ಓದು ಅದಕ್ಕೆ ಸಮ ಎಂದು ದಾಖಲೆ ಸಹಿತ ತೋರಿಸಬೇಕು. ಆರು ತಿಂಗಳ ಸರ್ಟಿಫಿಕೇಟ್ ಈ ತಕ್ಕಡಿಯಲ್ಲಿ ನಿಲ್ಲುವುದಿಲ್ಲ. ಚಿಕ್ಕಮ್ಮ ಹೇಳಿದ್ದು ನಿಜ, ಆದರೆ ಅದು ಅಲ್ಲಿ ಓದಿದವರ ಮಾತು.

ನಮ್ಮಲ್ಲಿ ಈ ಮೆಟ್ಟಿಲು ಎಲ್ಲಿದೆ

ಭಾರತದಲ್ಲಿ ಗಟ್ಟಿಯಾಗಿರುವ ದಾರಿ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ. ಪ್ಲಸ್ ಟು ಅಥವಾ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು. ನಾಲ್ಕು ವರ್ಷ ಪಾಠ, ಆರು ತಿಂಗಳು ಇಂಟರ್ನ್‌ಶಿಪ್ ಎಂಬುದು ಹಳೆಯ ಲೆಕ್ಕ. 2025ರಲ್ಲಿ ಹೊರಬಂದ ರಾಷ್ಟ್ರೀಯ ಪಠ್ಯಕ್ರಮ ಇಂಟರ್ನ್‌ಶಿಪ್ ಸೇರಿ ಐದು ವರ್ಷ ಎನ್ನುತ್ತದೆ. ಬಿಪಿಟಿ ಮಾಡಿದವರು ಅಸಿಸ್ಟೆಂಟ್ ಅಲ್ಲ, ಥೆರಪಿಸ್ಟ್.

ಅಸಿಸ್ಟೆಂಟ್‌ಗಾಗಿ ಅಮೆರಿಕದ ಹಾಗೆ ಒಂದೇ ರಾಷ್ಟ್ರೀಯ ಪರೀಕ್ಷೆ, ಒಂದೇ ಲೈಸೆನ್ಸ್ ನಮ್ಮಲ್ಲಿ ಇಲ್ಲ. ಈ ಖಾಲಿ ಜಾಗದಲ್ಲಿಯೇ ಪೋಸ್ಟರುಗಳು ಬೆಳೆಯುವುದು.

ಕಾನೂನು ಏನು ಹೇಳುತ್ತದೆ? 2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಡಾಕ್ಟರು, ದಂತವೈದ್ಯರು, ನರ್ಸು, ಫಾರ್ಮಸಿಸ್ಟುಗಳಿಗೆ ಮೊದಲಿನಿಂದಲೂ ಕೌನ್ಸಿಲ್ ಇತ್ತು. ಫಿಸಿಯೋಥೆರಪಿಯಂಥ ಹಲವು ವೃತ್ತಿಗಳಿಗೆ ರಾಷ್ಟ್ರ ಮಟ್ಟದಲ್ಲಿ ಕೇಳುವವರಿರಲಿಲ್ಲ. ಈ ಕಾಯ್ದೆ ಅಂಥ ವೃತ್ತಿಗಳನ್ನು ಹತ್ತು ಗುಂಪು ಮಾಡಿತು, ಫಿಸಿಯೋಥೆರಪಿ ಅದರಲ್ಲೊಂದು. ರಾಜ್ಯಗಳಲ್ಲೂ ಕೌನ್ಸಿಲ್ ಇರಬೇಕು, ಅರ್ಹರ ಹೆಸರು ನೋಂದಣಿ ಪುಸ್ತಕದಲ್ಲಿ ಇರಬೇಕು ಎಂದಿತು.

ಇದರಲ್ಲಿ ನಮಗೆ ಬೇಕಾದದ್ದು ಎರಡು ಸಂಖ್ಯೆ. ತಂತ್ರಜ್ಞ ಅಥವಾ ಅಸೋಸಿಯೇಟ್ ಮಟ್ಟದ ‘ಅಲೈಡ್ ಹೆಲ್ತ್ ಪ್ರೊಫೆಷನಲ್’ ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಬೇಕು, ಅದು ಎರಡರಿಂದ ನಾಲ್ಕು ವರ್ಷದಲ್ಲಿ ಹರಡಿರಬೇಕು. ‘ಹೆಲ್ತ್‌ಕೇರ್ ಪ್ರೊಫೆಷನಲ್’ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆ, ಮೂರರಿಂದ ಆರು ವರ್ಷ. ಇನ್ನು ಆರು ತಿಂಗಳ ಕೋರ್ಸಿನ ಲೆಕ್ಕ ಹಾಕಿ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ, 26 ವಾರ ಎಂದರೆ 520 ಗಂಟೆ. 2,000 ಎಲ್ಲಿ, 520 ಎಲ್ಲಿ?

ಹಾಗಂತ ಸಣ್ಣ ಕೋರ್ಸುಗಳೆಲ್ಲ ದಂಡ ಎಂದಲ್ಲ. ಮನೆಯಲ್ಲಿ ರೋಗಿ ನೋಡಿಕೊಳ್ಳುವವರ ತರಬೇತಿ, ಆಸ್ಪತ್ರೆಯ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಸರ್ಕಾರದ ಕೌಶಲ ಯೋಜನೆಗಳಲ್ಲೇ ಇವೆ. ಕೇರಳದಲ್ಲಿ 2008ರಿಂದ ಸಾಂತ್ವನ ಚಿಕಿತ್ಸೆಗೆ, ಅಂದರೆ ಪ್ಯಾಲಿಯೇಟಿವ್ ಕೇರ್‌ಗೆ, ಸರ್ಕಾರದ ನೀತಿಯೇ ಇದೆ. ಪಂಚಾಯತ್ ಮಟ್ಟದಲ್ಲಿ ಮನೆಮನೆಗೆ ಹೋಗುವ ತಂಡಗಳಿವೆ. ಕೆಲಸ ಸಿಗುವ ಜಾಗ ಅದು. ಅಂಗವಿಕಲರ ಪುನರ್ವಸತಿಯ ಕೆಲವು ಡಿಪ್ಲೊಮಾಗಳು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನ ಕೆಳಗೆ ಬರುತ್ತವೆ. ಅವುಗಳಿಗೆ ನೋಂದಣಿಯೂ ಉಂಟು. ಬೇಕಾದದ್ದು ಇಷ್ಟೇ, ಯಾವ ಕೋರ್ಸು ಯಾವ ಕೆಲಸಕ್ಕೆ ಎಂದು ಸೇರುವ ಮೊದಲೇ ಗೊತ್ತಿರಬೇಕು.

ಗಡಿಯ ಎರಡು ಬಾಗಿಲು

ಕಾಸರಗೋಡಿನ ಕನ್ನಡ ಮಕ್ಕಳಿಗೆ ಬಿಪಿಟಿಗೆ ಎರಡು ಕಡೆಯಿಂದ ದಾರಿ ಇದೆ. ಕೇರಳದಲ್ಲಿ ಕಾಲೇಜುಗಳು ತ್ರಿಶೂರಿನ ಕೇರಳ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಸರ್ಕಾರದ ಸೀಟುಗಳ ಹಂಚಿಕೆ ಎಲ್‌ಬಿಎಸ್ ಕೇಂದ್ರದ ಮೂಲಕ. ಕರ್ನಾಟಕದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸವಿದ್ದು ಓದಿದ, ಕನ್ನಡ, ತುಳು ಅಥವಾ ಕೊಡವ ತಾಯ್ನುಡಿಯ ಮಕ್ಕಳಿಗೆ ಗಡಿನಾಡ ಕನ್ನಡಿಗರು ಎಂದು ಅರ್ಹತೆಯ ನಿಯಮ ಅಲ್ಲಿದೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ಗಡಹಿಂಗ್ಲಜ ಕಡೆಯವರಿಗೂ ಇದೇ ನಿಯಮ. ವಾಸದ ಮತ್ತು ಓದಿನ ಸರ್ಟಿಫಿಕೇಟುಗಳು ಬೇಕು, ಕನ್ನಡ ಪರೀಕ್ಷೆಯೂ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದೇನು ದೊಡ್ಡದಲ್ಲ. ಗ್ರಾಮ ಕಚೇರಿಯಿಂದ ಕಾಗದ ಹೊರಡಿಸುವುದೇ ದೊಡ್ಡದು, ಹಾಗಾಗಿ ಫಲಿತಾಂಶಕ್ಕೆ ಕಾಯದೆ ಮೊದಲೇ ಶುರು ಮಾಡಿ. ನೀಟ್ ಅಂಕ ಬೇಕೇ, ಬರೀ ಪ್ಲಸ್ ಟು ಅಂಕ ಸಾಕೇ ಎಂಬುದನ್ನು ಆಯಾ ವರ್ಷದ ಪ್ರಾಸ್ಪೆಕ್ಟಸ್ ನೋಡಿಯೇ ಖಚಿತ ಮಾಡಿಕೊಳ್ಳಬೇಕು. ಸೀನಿಯರ್ ಅಕ್ಕ ಹೇಳಿದ್ದು ಅವರ ವರ್ಷದ ನಿಯಮ.

ಓದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಮೊದಲ ವರ್ಷ ಅನಾಟಮಿಯ ಹೆಸರುಗಳಲ್ಲಿ ಮುಳುಗೇಳುತ್ತಾರೆ. ಅವು ಹೆಚ್ಚಾಗಿ ಲ್ಯಾಟಿನ್ ಮತ್ತು ಗ್ರೀಕ್ ಹೆಸರುಗಳು, ಇಂಗ್ಲಿಷ್ ಮಾಧ್ಯಮದವರಿಗೂ ಹೊಸತೇ. ರೋಗಿಯ ಹತ್ತಿರ ಹೋದಾಗ ಲೆಕ್ಕ ತಿರುಗುತ್ತದೆ. ಸಪ್ತಭಾಷೆಯ ಈ ಜಿಲ್ಲೆಯಲ್ಲಿ ಒಂದೇ ವಾರ್ಡಿನಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ಮಾತಾಡುವವರು ಮಲಗಿರುತ್ತಾರೆ. ಎಲ್ಲಿ ನೋವು, ಎಂಥ ನೋವು ಎಂದು ಅವರವರ ಮಾತಿನಲ್ಲೇ ಕೇಳಬಲ್ಲವರು ಬೇಗ ಮುಂದೆ ಬರುತ್ತಾರೆ.

ಫೀಸು ಕಟ್ಟುವ ಮುಂಚೆ

ಪೋಸ್ಟರ್ ಹಾಕಿದ ಸಂಸ್ಥೆಗೆ ಹೋದಾಗ ಕಟ್ಟಡ, ಏಸಿ ಎಲ್ಲ ನೋಡಿ ಬರಬೇಡಿ. ಸರ್ಟಿಫಿಕೇಟಿನ ಮೇಲೆ ಯಾವ ವಿಶ್ವವಿದ್ಯಾಲಯದ ಅಥವಾ ಕೌನ್ಸಿಲಿನ ಹೆಸರು ಬರುತ್ತದೆ ಎಂದು ಕೇಳಿ, ಹಳೆಯ ಸರ್ಟಿಫಿಕೇಟಿನ ಒಂದು ಪ್ರತಿ ತೋರಿಸಲು ಹೇಳಿ. ‘ಸರ್ಕಾರದಿಂದ ಮಾನ್ಯ’ ಎಂದರೆ ಯಾವ ಸರ್ಕಾರ, ಯಾವ ಇಲಾಖೆ? ಸೊಸೈಟಿ ಅಥವಾ ಟ್ರಸ್ಟ್ ಎಂದು ನೋಂದಣಿ ಆಗಿದ್ದರೆ ಅದು ಸಂಸ್ಥೆಯ ನೋಂದಣಿ ಅಷ್ಟೇ, ಕೋರ್ಸಿನ ಮಾನ್ಯತೆ ಅಲ್ಲ. ಒಟ್ಟು ಎಷ್ಟು ಗಂಟೆ ಪಾಠ, ಅದರಲ್ಲಿ ಲ್ಯಾಬ್ ಎಷ್ಟು ಎಂದು ಬರೆದು ಕೊಡಲು ಕೇಳಿ. ಅನಾಟಮಿ ಕಲಿಸುವವರ ಅರ್ಹತೆ ಏನು? ಲ್ಯಾಬಿನಲ್ಲಿ ಗೋನಿಯೋಮೀಟರ್, ಬೆಲ್ಟು, ವಾಕರ್, ಎತ್ತರ ಬದಲಿಸುವ ಬೆಂಚು ಇದೆಯಾ, ಅಥವಾ ಗೋಡೆಯಲ್ಲಿ ಅಸ್ಥಿಪಂಜರದ ಚಿತ್ರ ಮಾತ್ರವಾ?

ಕೊನೆಗೆ, ಆಸ್ಪತ್ರೆ ತರಬೇತಿ ಎಲ್ಲಿ, ಎಷ್ಟು ವಾರ, ಅಲ್ಲಿ ಯಾರ ಕೈಕೆಳಗೆ ಎಂದು ಕೇಳಿ. ದೇರಳಕಟ್ಟೆಯದ್ದೋ ಕಾಞಂಗಾಡಿನದ್ದೋ ಯಾವುದಾದರೂ ಆಸ್ಪತ್ರೆಯ ಹೆಸರು ಹೇಳಿದರೆ ಅಲ್ಲಿಗೇ ಬಿಡಬೇಡಿ. ಮನೆಗೆ ಬಂದು ಆ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ನೀವೇ ಫೋನ್ ಮಾಡಿ, “ಈ ಸಂಸ್ಥೆಯ ಮಕ್ಕಳನ್ನು ನೀವು ತರಬೇತಿಗೆ ತೆಗೆದುಕೊಳ್ಳುತ್ತೀರಾ? ಕೋರ್ಸು ಮುಗಿಸಿದವರಿಗೆ ಯಾವ ಹುದ್ದೆ ಕೊಡುತ್ತೀರಿ?” ಎಂದು ವಿಚಾರಿಸಿ. ಫೀಸಿನ ಮೊದಲ ಕಂತು ಆ ಉತ್ತರ ಬಂದ ಮೇಲೆ.